ಎಡಗಾಲಿನ ಶೂಗಳ ಕ್ರಾಂತಿ

ಹದಿನೆಂಟು ವರ್ಷಗಳಿಂದ ನಾನು ಶೂ ಹೊಲಿಯುತ್ತಿದ್ದೇನೆ. ಇದುವರೆಗೆ ಒಂದೇ ಒಂದು ಜೊತೆಯನ್ನೂ ಹೊಲಿದಿಲ್ಲ. ನಗಬೇಡಿ. ನಮ್ಮ ಮಾಲೀಕರಿಗೆ ಕೆಲಸಗಾರರ ಮೇಲೆ ಅಷ್ಟೊಂದು ವಿಶ್ವಾಸ! ಜೊತೆ ಹೊಲಿದರೆ ಜೊತೆಯನ್ನೇ ಕದಿಯುತ್ತಾರೆಂದು ಎಡಗಾಲಿನ ಶೂಗಳನ್ನು ಒಂದು ಕಟ್ಟಡದಲ್ಲೂ ಬಲಗಾಲಿನವನ್ನು ಅಂಗಳದಾಚೆಯ ಇನ್ನೊಂದು ಕಟ್ಟಡದಲ್ಲೂ ಹೊಲಿಸುತ್ತಾರೆ. ನಾನು ಎಡಗಾಲಿನವನು. (ಎಡಪಂಥ ಸೇರಲು ಇದಕ್ಕಿಂತ ಅರ್ಹತೆ ಬೇಕೆ?) ನನ್ನ ಹೆಂಡತಿ ಬಲಗಾಲಿನವಳು. ಗೇಟಿನ ಕಾವಲುಗಾರ ಬೇರೆಯವರ ಚೀಲವನ್ನು ಒಂದು ಸಲ ತಡಕಿದರೆ ನಮ್ಮಿಬ್ಬರದನ್ನು ಮೂರು ಸಲ ತಡಕುತ್ತಾನೆ.

ಇಂಥ ನಾನು ಈ ಸಲ ಕಾರ್ಮಿಕ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತೆ. ಎದುರಾಳಿಯೇ ಇರಲಿಲ್ಲ. ಆದರೂ ಭಾಷಣ ಬೇಡವೆ? ಸಂಘದ ಕಪಾಟಿನಿಂದ ದಪ್ಪ ದಪ್ಪ ಪುಸ್ತಕ ತಂದು ಒಂದು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದೆ. ಬಂಡವಾಳಶಾಹಿ, ಹೆಚ್ಚುವರಿ ಮೌಲ್ಯ, ಪರಕೀಯತೆ! ಹೇಳಿದರೆ ಬಾಯಿ ತುಂಬುವ ಮಾತುಗಳು.

ಶನಿವಾರ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ತಾಲೀಮು ಶುರುಮಾಡಿದೆ. "ಸಂಗಾತಿಗಳೇ! ಬಂಡವಾಳಶಾಹಿ ನಮ್ಮನ್ನು ನಮ್ಮಿಂದಲೇ ಬೇರ್ಪಡಿಸಿದೆ! ಬಲಗಾಲಿನ ಶೂ ಹೊಲಿಯುವ ಆ ಅಜ್ಞಾತ ಕೈಗಳನ್ನು ನಾನು ಕಂಡೇ ಇಲ್ಲ!"

"ಆ ಕೈ ಈಗ ಈರುಳ್ಳಿ ಹೆಚ್ತಾ ಇದೆ," ಎಂದಳು ನನ್ನವಳು. "ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ನಿಂತಿದೀರ."

"ಶೋಷಣೆ ಬಗ್ಗೆ ಮಾತಾಡ್ತಿದೀನಿ ಕಣೇ!"

"ಹಾಗಾದ್ರೆ ಸ್ಟೂಲು ಕೇಳಿ. ಎಂಟು ಗಂಟೆ ನಿಂತೇ ಹೊಲೀಬೇಕು. ನನ್ನ ಕಾಲು ನೋಡಿ, ಊದಿ ಕಂಬ ಆಗಿದೆ."

"ಇಡೀ ಕಾರ್ಖಾನೇನೇ ವಶ ಮಾಡ್ಕೊಳ್ಳೋಣ ಅಂದ್ರೆ ನಿನ್ನದೊಂದು ಸ್ಟೂಲು! ಇರಲಿ, ಒಂದು ಲೋಟ ಟೀ ಕೊಡು."

ಟೀ ಬಂತು. ಕಾಲನ್ನು ನಾನು ನೋಡಲಿಲ್ಲ. (ಕೈಯಲ್ಲಿ ಪುಸ್ತಕವಿತ್ತು. ಅಸಮಾನತೆಯ ಅಧ್ಯಾಯ.)

ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಅಂಗಳದಲ್ಲಿ ಸಭೆ. ಮುಕ್ಕಾಲು ಗಂಟೆ ಗುಡುಗಿದೆ. ಇನ್ನೂರು ಜನ ನಿಂತೇ ಕೇಳುತ್ತಿದ್ದರು. ಅವರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತಿದ್ದುದನ್ನು ನಾನು ಕ್ರಾಂತಿಯ ಚಡಪಡಿಕೆ ಎಂದುಕೊಂಡೆ. ಕೊನೆಗೆ, "ಪ್ರಶ್ನೆಗಳಿವೆಯೇ?" ಎಂದೆ.

ಅಂಟು ಹಚ್ಚುವ ಅಜ್ಜಿ ಕೈ ಎತ್ತಿದಳು. "ಕೂತ್ಕೋಬಹುದಾ?"

ಎಲ್ಲರೂ ಗೊಳ್ಳೆಂದರು. ನನ್ನವಳು ಮಾತ್ರ ನಗದೆ ಮುಂದೆ ಬಂದಳು. "ಕೂತ್ಕೊಳ್ಳಿ ಅಜ್ಜಿ. ನಾಳೆ ಹತ್ತು ಗಂಟೆಗೆ ಎರಡೂ ಕಟ್ಟಡದಲ್ಲಿ ಎಲ್ಲರೂ ಹೀಗೇ ನೆಲದ ಮೇಲೆ ಕೂರೋಣ. ಸ್ಟೂಲು ಬರೋವರೆಗೂ ಏಳೋದು ಬೇಡ. ಎಡದೋರಿಗೆ ಮಾತ್ರ ಕೊಡ್ತೀವಿ ಅಂದ್ರೂ ಏಳ್ಬೇಡಿ. ಒಂದೇ ಕಾಲಿನ ಶೂನ ಯಾರೂ ಕೊಳ್ಳಲ್ಲ."

ಅಷ್ಟೇ ಭಾಷಣ. ಇನ್ನೂರು ಜನ ಒಟ್ಟಿಗೆ ಕೂತುಬಿಟ್ಟರು. ಅವಳು ಕೂರುವಾಗ ಗೋಡೆ ಹಿಡಿದುಕೊಂಡಳು. ಆಗ ಆ ಕಾಲುಗಳನ್ನು ನೋಡಿದೆ. ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕೆನ್ನಿಸಿತು.

ಅಜ್ಜಿ ಅಲ್ಲೇ ಅವಳ ಹೆಸರು ಸೂಚಿಸಿದಳು. ಗುಪ್ತ ಚೀಟಿಯ ಮತದಾನ ನಡೆಯಿತು. ಅವಳಿಗೆ ಇನ್ನೂರು, ನನಗೆ ಒಂದು. ಇಡೀ ಅಂಗಳ ನನ್ನತ್ತ ತಿರುಗಿತು. "ಪಾಪ, ತನಗೆ ತಾನೇ ಹಾಕ್ಕೊಂಡಿದಾನೆ," ಎಂದು ಯಾರೋ ಪಿಸುಗುಟ್ಟಿದ್ದು ಗೇಟಿನ ಕಾವಲುಗಾರನಿಗೂ ಕೇಳಿಸಿತು.

ಮನೆಗೆ ನಡೆಯುವಾಗ ತಡೆಯಲಾರದೆ ಹೇಳಿದೆ: "ನಂಬ್ತೀಯೋ ಇಲ್ವೋ, ನಾನು ಹಾಕಿದ್ದು ನಿನಗೇ ಕಣೇ."

"ಗೊತ್ತು. ಆ ಒಂದು ನಂದು."

"ನಿಂದಾ! ಯಾಕೆ?"

"ಒಂದು ವಾರ ಕೂತು ಓದಿದ್ರಲ್ಲ. ನಾನೂ ಹಾಕದಿದ್ರೆ ಇನ್ಯಾರು ಹಾಕ್ತಾರೆ?"

ಇಂಥವಳು ನನಗೆ ಸಿಕ್ಕಿದ್ದು ನನ್ನ ಯಾವ ಪುಣ್ಯವೋ! ಸೋಮವಾರ ಎಲ್ಲರೂ ಕೂತೆವು, ಮೂರನೆಯ ದಿನ ಎರಡೂ ಕಟ್ಟಡಗಳಿಗೆ ಸ್ಟೂಲು ಬಂದವು. ಈಗ ಕೂತು ಹೊಲಿಯುತ್ತೇನೆ, ಪ್ರತಿ ಹೊಲಿಗೆಗೂ ಅವಳನ್ನು ನೆನೆಯುತ್ತೇನೆ.

ಆದರೆ ಕಾರ್ಖಾನೆಯಲ್ಲಿ ಇವತ್ತಿಗೂ ನಾನು ತನಗೆ ತಾನೇ ಓಟು ಹಾಕಿಕೊಂಡ ಮಹಾನುಭಾವ. ನಿಜ ಹೇಳುವಂತಿಲ್ಲ. ಸೋತವನಿಗೆ ಓಟು ಹಾಕಿದವಳೆಂದು ತಿಳಿದರೆ ತನ್ನ ಮರ್ಯಾದೆ ಏನಾಗಬೇಕು ಎಂದು ಕಾರ್ಯದರ್ಶಿಯವರು ಕಟ್ಟುನಿಟ್ಟಾಗಿ ಬಾಯಿ ಮುಚ್ಚಿಸಿದ್ದಾರೆ.