ಸವಡಿಯಲ್ಲಿ ಊದಿದ ಎರಡು ಸೀಟಿ

ನಾನು ಬಸ್ ಕಂಡಕ್ಟರ್. ಗಜೇಂದ್ರಗಡದಿಂದ ಹಳ್ಳಿಗಳ ಮೇಲೆ ಹಾಯ್ದು ರೋಣಕ್ಕೆ ಹೋಗುವ ಬಸ್ಸಿನಲ್ಲಿ ಹದಿನಾರು ವರ್ಷ ತಿಕೀಟು ಹರಿದಿದ್ದೇನೆ. ಜ್ವರ, ನೆಗಡಿ ಇತ್ಯಾದಿ ಕ್ಷುಲ್ಲಕ ಕಾರಣಗಳಿಗೆ ರಜೆ ಹಾಕುವವರ ಬಗ್ಗೆ ನನಗೆ ಅಪಾರ ಕನಿಕರವಿತ್ತು. ಹೀಗಾಗಿ ಕಳೆದ ತಿಂಗಳು ಒಂದು ಬೆಳಿಗ್ಗೆ ಮೈ ರೊಟ್ಟಿ ಹಂಚಿನಂತೆ ಕಾದಿದ್ದರೂ ಖಾಕಿ ತೊಟ್ಟು ನಿಂತೆ.

"ಇವತ್ತೊಂದಿನ ಮನ್ಯಾಗ ಮಲಕೊಳ್ರಿ," ಎಂದಳು ಹೆಂಡತಿ ಶಾಂತಾ.

"ಡ್ಯೂಟಿ ಅಂದ್ರ ಡ್ಯೂಟಿ!"

"ಹಂಗಾರ ಅಂಗಿ ಗುಂಡಿನರೆ ಸರಿ ಹಾಕ್ಕೊಂಡ್ ಹೋಗ್ರಿ."

ಬಸ್ಸು ತುಂಬಿತ್ತು. ನನ್ನ ತಲೆ ಗಿರ್ರೆನ್ನುತ್ತಿತ್ತು. ಒಬ್ಬ ಮಾಸ್ತರರಿಗೆ ಎರಡು ಸಲ ತಿಕೀಟು ಕೊಡಲು ಹೋದೆ. ಪಕ್ಕದವರಿಗೆ ಕೊಡುವುದನ್ನೇ ಮರೆತೆ. ಸವಡಿ ಸ್ಟಾಪು ಬರುವಷ್ಟರಲ್ಲಿ ಇನ್ನು ತಡೆಯುವುದಿಲ್ಲ ಎನಿಸಿತು. ಗುಳಿಗೆ ನುಂಗಲು ಇಳಿದು ಚಹಾ ಅಂಗಡಿಯಲ್ಲಿ ನೀರು ಕೇಳಿದೆ. ಅಷ್ಟರಲ್ಲಿ ಹತ್ತುವವರೆಲ್ಲ ಹತ್ತಿದರು. ಕೊನೆಯವನ ಕಾಲು ಒಳಗೆ ಹೋದದ್ದೇ ತಡ, ಹದಿನಾರು ವರ್ಷದ ರೂಢಿ ನೋಡಿ, ಕೈ ತಾನಾಗಿ ಸೀಟಿಯನ್ನು ಬಾಯಿಗಿಟ್ಟಿತು. ಎರಡು ಸಲ ಊದಿದೆ. "ರೈಟ್!" ಎಂದೂ ಕೂಗಿದೆ.

ಬಸ್ಸು ಹೊರಟಿತು.

ಗುಳಿಗೆ ನುಂಗುತ್ತಾ ನಾನು ಅದನ್ನೇ ನೋಡುತ್ತಿದ್ದೆ. ಎಷ್ಟು ಚೆಂದ ಹೋಗುತ್ತಿದೆ ಎಂದು ಮೆಚ್ಚಿಕೊಂಡೆ ಕೂಡ!

"ಕಂಡಕ್ಟರ್ ಸಾಹೇಬ್ರ, ಅದು ನಿಮ್ಮ ಗಾಡಿ ಅಲ್ಲೇನ್ರಿ?" ಎಂದ ಅಂಗಡಿಯವನು.

ಜ್ವರ ಒಮ್ಮೆಲೇ ಇಳಿದು ಬೆವರಾಯಿತು. ತಿಕೀಟಿನ ಮಷಿನ್ನು ನನ್ನ ಕೊರಳಲ್ಲಿ, ಮಂದಿ ಬಸ್ಸಿನಲ್ಲಿ! ತಪಾಸಣೆಯವರು ಸಿಕ್ಕರೆ ನೌಕರಿಗೇ ಕುತ್ತು. ಡ್ರೈವರ್ ಬಸಣ್ಣನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಗಾಡಿ ಹೊಡೆಯುವಾಗ ಫೋನ್ ಮುಟ್ಟಬಾರದು ಎಂದು ಅವನಿಗೆ ದಿನಾ ಉಪದೇಶ ಮಾಡಿದವನು ನಾನೇ.

ಕೊನೆಗೆ ಒಣಮೆಣಸಿನಕಾಯಿ ಹೇರಿದ ಟಂಟಂ ಆಟೋ ಒಂದು ಸಿಕ್ಕಿತು. ಚೀಲಗಳ ಮೇಲೆ ಕೂತು, ಸೀನುತ್ತಾ ಸೀನುತ್ತಾ, ಮೂಗು ಕಣ್ಣು ಒಂದೇ ಆಗಿ ರೋಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ.

ನನ್ನ ಬಸ್ಸು ನಿಂತಿತ್ತು. ತುಂಬಿಕೊಂಡೇ ನಿಂತಿತ್ತು. ಒಬ್ಬರೂ ಇಳಿದಿರಲಿಲ್ಲ!

ಬಾಗಿಲಿಗೆ ಅಡ್ಡಲಾಗಿ ಕುರಿ ಕಾಯುವ ಯಲ್ಲವ್ವ ನಿಂತಿದ್ದಳು. ಮುಶಿಗೇರಿಯವಳು, ವಾರಕ್ಕೊಮ್ಮೆ ನಮ್ಮ ಬಸ್ಸಿಗೆ ಬರುವವಳು. ಅವಳ ಎದುರು ನಿಂತವರು ಖುದ್ದು ತಪಾಸಣೆಯ ಸಾಹೇಬರು.

"ತಿಕೀಟ್ ಇಲ್ದ ಪ್ರಯಾಣ ಮಾಡೀರಿ," ಎನ್ನುತ್ತಿದ್ದರು ಸಾಹೇಬರು.

"ಪ್ರಯಾಣ ಎಲ್ಲಿ ಮುಗದೈತ್ರಿ ಯಪ್ಪಾ? ಇನ್ನೂ ಯಾರೂ ಇಳದಿಲ್ಲ. ನಮ್ಮ ಕಂಡಕ್ಟರ್‌ಗ ಜ್ವರ ಬಂದಾವು, ಗುಳಿಗಿ ನುಂಗಾಕ ಇಳದಾನ. ಅಂವ ಬರೂತನಾ ಹಿಂಗ ಕುಂಡ್ರತೀವಿ."

ಒಳಗೆ ನೋಡಿದೆ. ಸವಡಿಯಿಂದೀಚೆ ಹತ್ತಿದವರೆಲ್ಲ ರೊಕ್ಕವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದರು. ತಿಕೀಟು ಇದ್ದ ಮಾಸ್ತರರೂ ಕೂತಿದ್ದರು.

"ನೀವ್ಯಾಕ್ರಿ ಸರ?" ಎಂದೆ.

"ಈ ಯಲ್ಲವ್ವ, 'ನನಗ ಓದಾಕ ಬರೂದಿಲ್ಲ, ಯಾರ ಹಂತ್ಯಾಕ ತಿಕೀಟ್ ಐತಿ, ಯಾರ ಹಂತ್ಯಾಕ ಇಲ್ಲ ಗೊತ್ತಾಗೂದಿಲ್ಲ, ಎಲ್ಲಾರೂ ಕುಂಡ್ರಿ' ಅಂದ್ಲರಿ," ಎಂದರು ಮಾಸ್ತರರು. ಅವರ ಶಾಲೆಯ ಗಂಟೆ ಆಗಲೇ ಹೊಡೆದಿತ್ತು.

ಹದಿನಾರು ವರ್ಷ ಇವರನ್ನು "ಒಳಗ ಸರೀರಿ, ಚಿಲ್ಲರ ಕೊಡ್ರಿ" ಎಂದು ಗದರಿದ್ದೇ ಬಂತು. ನಲವತ್ತು ಮಂದಿ ತಮ್ಮ ತಮ್ಮ ಕೆಲಸ ಬಿಟ್ಟು ನನ್ನ ನೌಕರಿ ಕಾಯುತ್ತಾ ಕೂತಿದ್ದರು! ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಘಾಟು ಎಂದು ಎಲ್ಲರೂ ತಿಳಿದುಕೊಂಡದ್ದು ಒಳ್ಳೆಯದೇ ಆಯಿತು.

ಸಾಹೇಬರು ನನ್ನ ಮೋರೆ ನೋಡಿ ನಿಟ್ಟುಸಿರು ಬಿಟ್ಟರು. "ಮೊದಲ ತಿಕೀಟ್ ಹರೀರಿ. ಆಮ್ಯಾಲ ಸೀದಾ ದವಾಖಾನಿಗೆ ನಡೀರಿ."

ತಿಕೀಟು ಹರಿಯುತ್ತಾ ಯಲ್ಲವ್ವನನ್ನು ಕೇಳಿದೆ: "ಅಲ್ಲಬೇ, ನಾ ಇಲ್ದ ಬಸ್ಸು ಊರೂರಿಗೆ ಹ್ಯಾಂಗ ನಿಂತು ಹೊಂಟಿತು?"

ಅವಳು ಎರಡು ಬೆರಳು ಬಾಯಿಗಿಟ್ಟು ಊದಿದಳು. ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡಿತು. ಗುಡ್ಡದ ಆಚೆಯ ಕುರಿ ಕೂಡ ತಿರುಗುವಂಥ ಸೀಟಿ ಅದು!

ಆ ಸದ್ದಿಗೆ ಕಂಟ್ರೋಲ್ ರೂಮಿನಲ್ಲಿ ಸಹಿ ಹಾಕಿ ಚಹಾ ಕುಡಿಯುತ್ತಾ ಕೂತಿದ್ದ ಬಸಣ್ಣ ಓಡಿ ಬಂದ. ನಾನು ಬಸ್ಸಿನಲ್ಲಿ ಇರಲೇ ಇಲ್ಲ ಎಂಬುದು ಪಾಪ, ಅವನಿಗೆ ಇನ್ನೂ ಗೊತ್ತಿರಲಿಲ್ಲ. ನನ್ನ ಬೆನ್ನು ತಟ್ಟಿ ಹೇಳಿದ:

"ಅಣ್ಣಾ, ಸವಡಿ ದಾಟಿದ ಮ್ಯಾಲ ಸೀಟಿ ಏನ್ ಖಡಕ್ ಹೊಡದಿ ಮಾರಾಯ! ಹದಿನಾರು ವರ್ಷದಾಗ ಇವತ್ತ ಮೊದಲನೇ ಸಲ ನನಗ ಸರಿಯಾಗಿ ಕೇಳಿಸ್ತು ನೋಡು!"