ಫ್ಯಾನಿನಡಿಯ ಮಂಚದ ಮಹಾಸಮರ

“ಹತ್ತಿದ ಸ್ಟಾಪಿನ್ಯಾಗ ಇಳಿಯೋ ಗಿರಾಕಿ ಇಂವಾ. ಇವಗ ಇಸ್ಪೀಟ್ ಯಾಕ ಕೊಟ್ರಿ, ಜಪಾ ಮಾಡಾಕ ಮಣಿಸರ ಕೊಡ್ರಿ.”

ಏಳು ಮಂದಿ ಖಾಕಿಧಾರಿಗಳ ಸಮಕ್ಷಮದಲ್ಲಿ ಚಾಲಕಶಿರೋಮಣಿ ಸಂಗನಬಸು ಹೀಗೆ ನುಡಿಯಲು, ತರುಣ ನಿರ್ವಾಹಕ ಯಮನೂರನ ಕಿವಿಗಳು ಕಾದ ಹೆಂಚಿನಂತೆ ಕೆಂಪಾದವು.

ಎಲೈ ಧೂಳಿಪಟಲಾವೃತೆಯಾದ ಹಂದರಾಳ ಬಸ್ ನಿಲ್ದಾಣದ ಅಧಿದೇವತೆಯೇ, ಮಿರ್ಚಿಧೂಮಸುವಾಸಿನಿಯೇ, ಈ ಕೋಪವನ್ನು ಹಾಡಲು ನಾಲಗೆಗೆ ಬಲ ಕೊಡು! ಅದು ಕಲಿಯುಗದ ಒಂದು ಮಂಗಳವಾರ, ಮಧ್ಯಾಹ್ನ ಒಂದು ಗಂಟೆ. ಸಿಬ್ಬಂದಿಯ ವಿಶ್ರಾಂತಿ ಕೊಠಡಿಯಲ್ಲಿ ಮಂಚ ಆರು, ತಿರುಗುವ ಫ್ಯಾನು ಒಂದೇ. ಅದರಡಿಯಲ್ಲಿ ಮೂರರವರೆಗೆ ಮಲಗುವ ಪುಣ್ಯಾತ್ಮ ಯಾರೆಂಬುದನ್ನು ಪೋಕರ್ ಆಟ ತೀರ್ಮಾನಿಸಬೇಕಿತ್ತು. ನಸುಕಿನ ನಾಲ್ಕಕ್ಕೆ ಎದ್ದು, ತುಂಬಿದ ಬಸ್ಸಿನಲ್ಲಿ ಒಂಟಿಗಾಲಿನ ತಪಸ್ಸು ಮುಗಿಸಿ ಬಂದ ಯಮನೂರನಿಗೆ ಆ ಮಂಚದ ಮುಂದೆ ಸಿಂಹಾಸನವೂ ಬರೀ ಸ್ಟೂಲು.

ಆಟದ ಧರ್ಮ ಸರಳ. ಒಬ್ಬೊಬ್ಬನಿಗೆ ಎರಡು ಗುಪ್ತ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ (ಮೊದಲು ಮೂರು, ಆಮೇಲೆ ಎರಡು), ಪಣಕ್ಕೆ ಹುಣಸೆಬೀಜ. ದೊಡ್ಡ ಜೋಡಿ ಗಿಡ್ಡ ಜೋಡಿಯನ್ನು ಗೆಲ್ಲುತ್ತದೆ, ಒಂದೇ ಅಂಕಿಯ ಮೂರು ಎಲೆ ಯಾವ ಜೋಡಿಯನ್ನಾದರೂ. ಮುಂದುವರಿಯುವವನು “ರೈಟ್” ಅನ್ನಬೇಕು, ಸಾಕೆನ್ನುವವನು “ಇಳೀತೀನಿ” ಅನ್ನಬೇಕು. ಬೀಜ ಖಾಲಿಯಾದವನಿಗೆ ಮಂಚವಿಲ್ಲ. ಉಳಿದವರೆಲ್ಲ ಖಾಲಿಯಾಗಿ ಕಣದಲ್ಲಿ ಈಗ ಇವರಿಬ್ಬರೇ.

ಕಾವಲುಗಾರ ಮೌಲಾಸಾಬ ಎಲೆ ಹಂಚಿದ. ಯಮನೂರನಿಗೆ ಬಂದದ್ದು ಮೂರರ ಜೋಡಿ. ಗಿಡ್ಡ, ಬಡಕಲು, ಆದರೂ ಜೋಡಿ. ಎರಡು ಬೀಜವಿಟ್ಟು “ರೈಟ್” ಎಂದ. ನಡುವೆ ತೆರೆದದ್ದು ರಾಜ, ರಾಣಿ, ಒಂಬತ್ತು.

ಸಂಗನಬಸು ಬೀಜದ ಗುಡ್ಡೆಯನ್ನೇ ಮುಂದೆ ನೂಕಿದ. “ಮದವಿ ದಿಬ್ಬಣ ಬರ್ಲಿ, ಎಮ್ಮಿ ಹಿಂಡು ಬರ್ಲಿ, ಇಪ್ಪತ್ತು ವರ್ಷದಾಗ ಹಾರ್ನ್ ಹೊಡದೀನೇ ಹೊರತು ಹಿಂದ ಸರದಾಂವ ಅಲ್ಲ ನಾ. ಬರ್ತೀಯೇನೋ ತಮ್ಮಾ?”

ಯಮನೂರನೊಳಗೆ ಘೋರ ಯುದ್ಧ ನಡೆಯಿತು. ಸಿಟ್ಟೆಂಬ ಸೇನಾಪತಿ ನುಗ್ಗೆಂದ. ನಾಲ್ಕು ವರ್ಷದ ಕಂಡಕ್ಟರಿಕೆ ಬೇರೆಯೇ ಹೇಳಿತು: ಗಿಡ್ಡ ಜೋಡಿಯೆಂದರೆ ಇಬ್ಬರೇ ಪ್ರಯಾಣಿಕರ ಬಸ್ಸು. ಮೊದಲ ಸ್ಟಾಪಿನಲ್ಲಿ ಅವರ ಮನೆಯ ಮೂರನೆಯವನು ಹತ್ತಿದರೆ ಸರಿ, ಹತ್ತದಿದ್ದರೆ ಡೀಸೆಲ್ ಸುಡಬಾರದು.

“ಇಳೀತೀನಿ,” ಎಂದ, ಹಲ್ಲು ಕಚ್ಚಿ.

“ಮತ್ತ ಇಳದಾ ನೋಡ್ರಿ,” ಎಂದು ಸಂಗನಬಸು ಕೈಯಲ್ಲಿದ್ದ ಇನ್ನೊಂದು ರಾಜನನ್ನು ತೋರಿಸಿದ. ನಗು ಪ್ಲಾಟ್‌ಫಾರ್ಮಿನವರೆಗೂ ಕೇಳಿಸಿತು. ಹೋದದ್ದು ಎರಡೇ ಬೀಜ. ಅದನ್ನು ಯಾರು ನೋಡುತ್ತಾರೆ, ಹಾಳಾದವರು.

ಹೀಗೆ ಒಂದು ಕಳೆದು ಎರಡು ಗಳಿಸುತ್ತ, ಏಳನೆಯ ಸುತ್ತಿಗೆ ಇಬ್ಬರ ಗುಡ್ಡೆಯೂ ಸಮವಾಗಿರಲು, ಯಮನೂರನಿಗೆ ನಾಲ್ಕರ ಜೋಡಿ ಬಂತು. ಮತ್ತೆ ಎರಡೇ ಬೀಜ, ಮತ್ತೆ “ರೈಟ್”. ನಡುವೆ ತೆರೆದವು ಎಕ್ಕ, ಹತ್ತು, ಮತ್ತು ಓಡಿಬಂದು ಬಾಗಿಲ ಸರಳು ಹಿಡಿದ ಪ್ರಯಾಣಿಕನಂತೆ ಇನ್ನೊಂದು ನಾಲ್ಕು.

ಯಮನೂರ ರಜಾ ಅರ್ಜಿ ಹಿಡಿದು ನಿಂತವನ ಹಾಗೆ ಮುಖ ಬಾಡಿಸಿಕೊಂಡ. ಕೈಯಲ್ಲಿದ್ದ ಎಕ್ಕವನ್ನು ನೆಚ್ಚಿದ ಸಂಗನಬಸು, “ಇಳಿಯಪಾ, ನಿನ್ನ ಸ್ಟಾಪ್ ಬಂತು,” ಎಂದು ಇದ್ದಬದ್ದ ಬೀಜವನ್ನೆಲ್ಲ ನೂಕಿದ.

“ರೈಟ್, ರೈಟ್,” ಎಂದ ಯಮನೂರ, ತನ್ನ ಗುಡ್ಡೆಯನ್ನೂ ನೂಕಿ.

ಉಳಿದೆರಡು ಎಲೆಗಳು ಬಿದ್ದು ಯಾರಿಗೂ ಉಪಕಾರ ಮಾಡಲಿಲ್ಲ. ಮೂರು ಗಿಡ್ಡ ನಾಲ್ಕುಗಳು ಎರಡು ಎಕ್ಕಗಳನ್ನು ಹಾಡಹಗಲೇ ಕೆಡವಿದವು. ವಿಜಯಲಕ್ಷ್ಮೀಪರಿಗೃಹೀತನಾದ ನಿರ್ವಾಹಕಸಾರ್ವಭೌಮನು ಮಂಚವನ್ನೇರಿ, ಎಡಗಾಲಿನ ಬೂಟು ಕಳಚಿ, ಮೊದಲ ಗಾಳಿಗೆ ಎದೆಗೊಟ್ಟು ಕಣ್ಣು ಮುಚ್ಚಿದನು.

ಹೊರಗೆ ಮೈಕು ಕೆಮ್ಮಿತು: “ಶಿರಗೋಡ ಗಾಡಿ ಡ್ರೈವರ್ ಸಂಗನಬಸು, ಕಂಡಕ್ಟರ್ ಯಮನೂರಪ್ಪ, ಲಗೂನ ಬರ್ರಿ. ಒಂದೂವರಿ ಗಾಡಿ ಬಂದಿಲ್ಲ, ನೀವ ಹೋಗಬೇಕು.”

ಹೌದು, ಇಬ್ಬರದೂ ಒಂದೇ ಬಸ್ಸು.

“ಮಂಚಾ ಖಾಲಿ ಆತಲ್ಲ,” ಎಂದು ಮೌಲಾಸಾಬ ಆಗಲೇ ಟವೆಲ್ಲು ಹಾಸತೊಡಗಿದ್ದ.

ಸಂಗನಬಸು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದ: “ಖರೇ ಹೇಳು, ನಾಕು ಬರದಿದ್ರ ಮತ್ತ ಇಳೀತಿದ್ದಿ ಹೌದಲ್ಲೋ, ಅಂಜುಬುರುಕಾ?”

ಯಮನೂರ ಬೂಟು ಮೆಟ್ಟಿಕೊಂಡ, ಟಿಕೆಟ್ ಮಶೀನು ಹೆಗಲಿಗೆ ಹಾಕಿಕೊಂಡ, ಅವನನ್ನು ದಾಟಿ ಬಿಸಿಲಿಗಿಳಿದು ನಡೆದ.