ದುರುಗಮ್ಮನ ಬಲ್ಬು, ನಮ್ಮ ಮಾವನ ಹದಿನಾಲ್ಕು ಕಾಲಂ

ನಾನು ನನ್ನ ಸೋದರಮಾವನನ್ನು ಮದುವೆಯಾಗದೆ ಪಾರಾದದ್ದು ಸರಕಾರದ ನಲವತ್ತು ವ್ಯಾಟಿನ ಒಂದು ಬಲ್ಬಿನಿಂದ. ನಗಬೇಡಿ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ನಮ್ಮವ್ವ ಮಾತು ಕೊಟ್ಟುಬಿಟ್ಟಿದ್ದಳು. ಆಗ ಅವಳ ತಮ್ಮನಿಗೆ ಒಂಬತ್ತು ವರ್ಷ. ಅವನು ಬೆಳೆದು ಏನಾಗುತ್ತಾನೆಂದು ಪಾಪ ಆಕೆಗಾದರೂ ಹೇಗೆ ಗೊತ್ತಾಗಬೇಕು? ಅವನು ಬೆಳೆದು ವರದಿ ಬರೆಯುವ ಗುಮಾಸ್ತನಾದ.

ದೇವದುರ್ಗದ ಒಂದು ಸರಕಾರಿ ಕಚೇರಿ. ಎಂಬತ್ತರ ದಶಕದ ಮೊದಲ ವರ್ಷಗಳು. ಬಡವರ ಮನೆಗೆ ಒಂದು ಬಲ್ಬು ಹಾಕಿಕೊಟ್ಟು ಅದರ ಬಿಲ್ಲನ್ನು ಸರಕಾರವೇ ತುಂಬುವ ಯೋಜನೆ ನಮ್ಮ ಕಡೆ ಆಗಷ್ಟೇ ಕಾಲಿಟ್ಟಿತ್ತು. ಬಲ್ಬು ಒಂದೇ, ವರದಿ ಮಾತ್ರ ತಿಂಗಳಿಗೊಂದು, ಅದೂ ಮೂರು ಪ್ರತಿ, ಹದಿನಾಲ್ಕು ಕಾಲಂ. ಯಜಮಾನನ ಹೆಸರು, ಅವನ ತಂದೆಯ ಹೆಸರು, ಗೋಡೆ ಮಣ್ಣಿನದೋ ಕಲ್ಲಿನದೋ, ಕೋಣೆಗಳೆಷ್ಟು, ಬಲ್ಬು ಎಷ್ಟು ವ್ಯಾಟು, ಮನೆಯ ಒಳಗಿದೆಯೋ ಹೊರಗಿದೆಯೋ, ನೋಡಿದಾಗ ಉರಿಯುತ್ತಿತ್ತೋ ಇಲ್ಲವೋ. ಇನ್ನೂ ಏನಾದರೂ ಹೇಳುವುದು ಉಳಿದಿದ್ದರೆ ಕೊನೆಗೆ ಷರಾ. ಬಡವನ ಮನೆಯಲ್ಲಿ ಹದಿನಾಲ್ಕು ಪಾತ್ರೆ ಇರುತ್ತಿರಲಿಲ್ಲ, ಅವನ ಬಲ್ಬಿನ ಮೇಲೆ ಹದಿನಾಲ್ಕು ಪ್ರಶ್ನೆ. ಇದೆಲ್ಲ ರಾಯಚೂರಿಗೆ ಹೋಗುತ್ತಿತ್ತು. ಅಲ್ಲಿ ಯಾರೂ ಓದುತ್ತಿರಲಿಲ್ಲ, ಬಂತೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದರು.

ಈ ಗುಟ್ಟು ಎಲ್ಲ ಗುಮಾಸ್ತರಿಗೂ ಗೊತ್ತಿತ್ತು. ಅವರು ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಮೊದಲ ಮನೆಯ ವಿವರ ಬರೆದು, ಕೆಳಗೆಲ್ಲ ‘ಮೇಲಿನಂತೆ, ಮೇಲಿನಂತೆ’ ಎಂದು ಇಳಿಸಿಕೊಂಡು ಹೋಗುತ್ತಿದ್ದರು. ಒಬ್ಬ ಪುಣ್ಯಾತ್ಮನಂತೂ ಯಜಮಾನನ ಹೆಸರಿನ ಕಾಲಂನಲ್ಲೂ ‘ಮೇಲಿನಂತೆ’ ಎಂದು ಬರೆದು ಇಡೀ ಓಣಿಯನ್ನು ಒಬ್ಬನ ಹೆಸರಿಗೆ ಮಾಡಿದ್ದ. ಅದೂ ಪಾಸಾಯಿತು.

ನಮ್ಮ ಮಾವನಿಗೆ ಇಷ್ಟು ಬುದ್ಧಿ ಎಲ್ಲಿಂದ ಬರಬೇಕು? ಅವನು ಪ್ರತಿ ತಿಂಗಳೂ ಸೈಕಲ್ ಹತ್ತಿ ಪ್ರತಿ ಮನೆಗೂ ಹೋಗುತ್ತಿದ್ದ. ಬಲ್ಬಿನ ಕೆಳಗೆ ನಿಂತು ಕತ್ತೆತ್ತಿ, “ಹಾಕ್ರಿ” ಎನ್ನುತ್ತಿದ್ದ. ಹಾಡಹಗಲು. ಉರಿದರೆ ಬರೆದುಕೊಂಡು ಮುಂದಿನ ಮನೆ. ಕರೆಂಟು ಇಲ್ಲದಿದ್ದರೆ ಬರುವತನಕ ಅಲ್ಲೇ ಕೂಡುವುದು. ಆ ಕಾಲದ ದೇವದುರ್ಗದಲ್ಲಿ ಕರೆಂಟಿಗೆ ಕಾಯುತ್ತ ಕೂತವನ ಗತಿಯನ್ನು ನೀವೇ ಊಹಿಸಿ. ಅತ್ತ ಶಕ್ತಿನಗರದಲ್ಲಿ ಆಕಾಶದೆತ್ತರ ಚಿಮಣಿ ಏಳುತ್ತಿತ್ತು, ಇತ್ತ ಇವನು ಕಂಡವರ ಕಟ್ಟೆಯ ಮೇಲೆ ಕೂತು ಬೇರು ಬಿಡುತ್ತಿದ್ದ.

ಒಮ್ಮೆ ಒಂದು ಮನೆಯಲ್ಲಿ ಹನ್ನೊಂದು ಗಂಟೆಗೆ ಕೂತವನು ನಾಲ್ಕಾದರೂ ಏಳಲಿಲ್ಲ. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು, ಮಾತಿಲ್ಲ ಕತೆಯಿಲ್ಲ. ಆ ಮನೆಯಲ್ಲೊಬ್ಬಳು ಮದುವೆಗೆ ಬಂದ ಮಗಳು.

“ಹೆಣ್ಣು ನೋಡಾಕ ಬಂದಾನ, ಬಾಯಿಬಿಟ್ಟು ಕೇಳಾಕ ನಾಚಾಕತ್ತಾನ” ಎಂದಳು ಅಜ್ಜಿ.

ರೊಟ್ಟಿ, ಪುಂಡಿಪಲ್ಯ ಬಂತು. ಬೆಲ್ಲದ ಚಹಾ ಬಂತು. ಕೊನೆಗೆ ಮಗಳಿಗೆ ಸೀರೆ ಉಡಿಸಿ ತಂದು ನಿಲ್ಲಿಸುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಮಾವ ಮೇಲೆ ನೋಡಿ, “ಚಲೋ ಅದರೀ, ಬರಕೊಂತೀನಿ” ಎಂದು ಸೈಕಲ್ ಹತ್ತಿದ. ಮರುದಿನ ಆ ಮನೆಯ ಹಿರಿಯರು ತೆಂಗಿನಕಾಯಿ ಹಿಡಿದುಕೊಂಡು ಕಚೇರಿಗೇ ಬಂದರು. ಅವಳನ್ನಾದರೂ ಮಾಡಿಕೊಂಡಿದ್ದರೆ ನಾನು ಆಗಲೇ ಉಳಿದುಕೊಳ್ಳುತ್ತಿದ್ದೆ.

ಇನ್ನು ಮುಂದೆ ಹೀಗೆ ಕೂಡಬೇಡವೆಂದು ಸಾಹೇಬರು ಬೈದರು. ಸರಿ, ಕರೆಂಟಿಲ್ಲದ ಮನೆಗಳ ಮುಂದೆ ‘ಉರಿಯಲು ಸಿದ್ಧವಿದೆ’ ಎಂದು ಬರೆಯತೊಡಗಿದ. ಓದುವ ಅಭ್ಯಾಸವೇ ಇಲ್ಲದ ರಾಯಚೂರಿನವರ ಕಣ್ಣಿಗೂ ಇದು ಬಿತ್ತು. ಯಾರಿವನು ಎಂದು ಅವನ ಹಾಳೆಗಳನ್ನಷ್ಟೇ ತೆಗೆದು ಓದತೊಡಗಿದರು. ಇಡೀ ಊರಿನಲ್ಲಿ ವರದಿ ಓದಿಸಿಕೊಳ್ಳುವ ಭಾಗ್ಯ ಒಬ್ಬನಿಗೇ, ಅದು ನಮ್ಮ ಮಾವನಿಗೆ.

ಮಾನ್ವಿಯ ನಮ್ಮ ಮನೆಗೆ ಬಂದರೂ ಇದೇ ಚಾಳಿ. ಒಳಗೆ ಬಂದವನೇ ಮೊದಲು ಬಲ್ಬು ನೋಡುತ್ತಿದ್ದ.

“ಮಾವಾ, ನಾ ಇಲ್ಲಿ ಕೆಳಗ ಅದೀನಿ.”

“ಕಾಣಸ್ತದವ್ವಾ. ಇದು ಅರವತ್ತು ವ್ಯಾಟು ಹೌದಲ್ಲ?”

ಇಂಥವನ ಕೂಡ ನಾನು ಸಂಸಾರ ಮಾಡಬೇಕಿತ್ತು.

ಈಗ ದುರುಗಮ್ಮನ ಬಲ್ಬಿಗೆ ಬರುತ್ತೇನೆ. ದುರುಗಮ್ಮ ಕೂಲಿ ಮಾಡುವ ಹೆಂಗಸು, ಗಂಡ ತೀರಿಕೊಂಡಿದ್ದ. ದೇವದುರ್ಗದ ನಮ್ಮ ಅಜ್ಜಿಯ ಮನೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಮನೆ. ಮಗಳು ಹತ್ತನೆಯ ತರಗತಿ. ಒಳಗೆ ಕಾಲು ಚಾಚಲು ಜಾಗವಿಲ್ಲ, ಮೇಲೆ ಒಲೆಯ ಹೊಗೆ. ಹಾಗಾಗಿ ಅವಳು ವೈರು ಎಳೆದು ಬಲ್ಬನ್ನು ಬಾಗಿಲ ಹೊರಗೆ, ಕಟ್ಟೆಯ ಮೇಲೆ ತೂಗುಹಾಕಿದ್ದಳು. ಮಗಳ ಜೊತೆಗೆ ಓಣಿಯ ಇನ್ನೂ ನಾಲ್ಕು ಹುಡುಗಿಯರು ಅದರ ಕೆಳಗೆ ಕೂತು ಓದುತ್ತಿದ್ದರು. ಅವರ್ಯಾರ ಮನೆಗೂ ಇನ್ನೂ ವೈರೇ ಬಂದಿರಲಿಲ್ಲ. ನಾನು ಟೀಚರ್ ಟ್ರೇನಿಂಗ್ ಮುಗಿಸಿ ಅಜ್ಜಿಯ ಮನೆಗೆ ಹೋದಾಗ ಸಂಜೆ ಹೊತ್ತು ಅವರಿಗೆ ಲೆಕ್ಕ ಹೇಳಿಕೊಟ್ಟಿದ್ದೆ.

ಮಾವ ಆ ಕಾಲಂನಲ್ಲಿ ‘ಹೊರಗೆ’ ಎಂದು ಬರೆದ. ರಾಯಚೂರಿನಿಂದ ಉತ್ತರ ಬಂತು: ಬಲ್ಬು ಮನೆಯ ಒಳಗೇ ಇರಬೇಕು, ಮುಂದಿನ ವರದಿಯಲ್ಲೂ ಹೊರಗಿದ್ದರೆ ಕನೆಕ್ಷನ್ ಕತ್ತರಿಸಲಾಗುವುದು. ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ.

“ಒಳಗ ಅದ ಅಂತ ಬರದ್ರ ನಿನ್ನ ಗಂಟೇನ್ ಹೋಗತದ ಮಾವಾ?”

“ಹೊರಗ ಅದ ಅಲ್ಲವ್ವಾ.”

ದುರುಗಮ್ಮನಿಗಾದರೂ ಹೇಳೋಣವೆಂದು ಹೋದೆ.

“ಒಳಗ ಹಾಕಿದ್ರ ನಮ್ಮ ಹುಡುಗಿ ಒಬ್ಬಾಕೀನ ಓದತಾಳ್ರಿ. ಉಳದ ನಾಕು ಮಂದಿ ಎಲ್ಲಿ ಹೋಗ್ಬೇಕು?” ಎಂದಳು.

ವರದಿ ಕಳಿಸುವ ಕೊನೆಯ ದಿನವೇ ಮಾನ್ವಿಯಲ್ಲಿ ನಮ್ಮ ನಿಶ್ಚಯ. ಮನೆಯ ಮುಂದೆ ಚಪ್ಪರ, ಒಳಗೆ ಹೋಳಿಗೆಯ ವಾಸನೆ, ಹೊಸ ಸೀರೆಯಲ್ಲಿ ನಾನು. ಮುಹೂರ್ತ ಹತ್ತಕ್ಕೆ. ವರ ಬಂದದ್ದು ಒಂದು ಗಂಟೆಗೆ. ರೇಷ್ಮೆ ಅಂಗಿಯ ತೋಳು ಹರಿದಿತ್ತು, ತಲೆಯಲ್ಲಿ ಜೋಳದ ದಂಟಿನ ಸಿಪ್ಪೆ, ಕೈಯೆಲ್ಲ ಗೀರು.

“ಎಲ್ಲಿ ಬಿದ್ದು ಬಂದ್ಯಪಾ?” ಎಂದರು ನಮ್ಮಪ್ಪ.

“ವರದಿ ಕೊನೀ ದಿನ ಇತ್ತರೀ.”

ನಾನು ಎಲ್ಲರ ಮುಂದೆಯೇ ಕೇಳಿದೆ. “ದುರುಗಮ್ಮಂದು ಏನ್ ಬರದಿ?”

“ಇದ್ದದ್ದು ಇದ್ದಂಗ ಬರದು ಕಳಿಸೀನಿ.”

ಮೈಯೆಲ್ಲ ಉರಿದುಹೋಯಿತು. “ಹಂಗಾರ ನಂದೂ ಬರಕೋ ಮಾವಾ. ಹೆಣ್ಣಿಗೆ ಒಪ್ಪಿಗಿ ಇಲ್ಲ. ಹುಡುಗ್ಯಾರ ಬಲ್ಬ್ ಕಿತ್ತಿಸಿದಾವನ ಮನಿಗೆ ನಾ ದೀಪ ಹಚ್ಚಾಕ ಬರಂಗಿಲ್ಲ.”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ನನ್ನನ್ನೊಮ್ಮೆ ನೋಡಿ, “ಆತವ್ವಾ” ಎಂದ. ಅಷ್ಟೇ. ಪಂಕ್ತಿಯ ತುದಿಗೆ ಕೂತು ನಾಲ್ಕು ಹೋಳಿಗೆ ತಿಂದು ಬಸ್ಸಿಗೆ ಹೋದ. ಮಾನ ಹೋದರೂ ಊಟ ಬಿಡದ ಮನುಷ್ಯ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ನಕ್ಕೆ. ರಾಯಚೂರಿನ ಬ್ಯಾಂಕಿನವರೊಬ್ಬರನ್ನು ಮದುವೆಯಾಗಿ ಅಲ್ಲೇ ಟೀಚರ್ ಆದೆ, ದೇವದುರ್ಗದ ಆ ಓಣಿಗೆ ಮತ್ತೆ ಕಾಲಿಡಲಿಲ್ಲ. ಮಾವ ಮದುವೆಯಾಗಲಿಲ್ಲ. ಯಾರು ಕೊಡುತ್ತಾರೆ ಎಂದು ಅದಕ್ಕೂ ನಕ್ಕೆ.

ಆರೇಳು ವರ್ಷದ ಮೇಲೆ ನಮ್ಮ ಶಾಲೆಗೆ ಹೊಸ ಟೀಚರ್ ಒಬ್ಬಳು ಬಂದಳು.

“ಅಕ್ಕಾರ, ಗುರ್ತು ಹತ್ತಲಿಲ್ಲೇನ್ರಿ? ನಾ ದುರುಗಮ್ಮನ ಮಗಳು.”

ನನ್ನ ಬಾಯಿಗೆ ಬಂದ ಮೊದಲ ಮಾತು, “ಬಲ್ಬ್ ಕಿತ್ತಿದ ಮ್ಯಾಲ ಹ್ಯಾಂಗ ಓದಿದ್ಯವ್ವಾ?”

“ಯಾರು ಕಿತ್ತಿದ್ರು? ಕಿತ್ತಲೇ ಇಲ್ರಿ.”

ಅವಳು ಹೇಳಿದ್ದು ಇಷ್ಟು. ಆ ದಿನ ಬೆಳಗಾಗುತ್ತಲೇ ಮಾವ ರೇಷ್ಮೆ ಅಂಗಿ ತೊಟ್ಟು, ಸೈಕಲ್ ಮೇಲೆ ಕಟ್ಟಿಗೆ, ಜೋಳದ ದಂಟು ಹೇರಿಕೊಂಡು ಬಂದನಂತೆ. “ವರದಿ ಸುಳ್ಳಾಗಬಾರದು. ಬಲ್ಬ್ ಒಳಗ ಹೋಗಂಗಿಲ್ಲಂದ್ರ ಮನೀನ ಹೊರಗ ತರೋಣು ಬರ್ರಿ” ಎಂದನಂತೆ. ಐದು ಹುಡುಗಿಯರನ್ನು ಸೇರಿಸಿಕೊಂಡು ಕಟ್ಟೆಯ ಮೇಲೆ ಚಪ್ಪರ ಹಾಕಿ, ಮೂರು ಕಡೆ ದಂಟಿನ ತಟ್ಟಿ ಕಟ್ಟಿದ. ಆಮೇಲೆ ಬಲ್ಬಿನ ಕೆಳಗೆ ನಿಂತು ಕತ್ತೆತ್ತಿ ನೋಡಿ, ‘ಒಳಗೆ’ ಎಂದು ಬರೆದ. ಕೋಣೆಗಳೆಷ್ಟು ಎಂಬಲ್ಲಿ ಒಂದನ್ನು ಹೊಡೆದು ಎರಡು ಮಾಡಿದ.

“ಅವ್ವ ರೊಟ್ಟಿ ಕೊಟ್ಟಳ್ರಿ. ಹೊತ್ತಾತು, ಮಾನ್ವಿಗೆ ಹೋಗ್ಬೇಕು ಅಂದು ಮುಟ್ಟಲಿಲ್ಲ. ಈಗೂ ಪ್ರತಿ ವರ್ಷ ಮಳಿ ಮುಂದ ಬಂದು ಹೊಸ ದಂಟು ಹೊದಿಸಿ ಹೋಗತಾರ. ಈಗ ಅಲ್ಲಿ ಬ್ಯಾರೆ ಹುಡುಗ್ಯಾರು ಓದತಾರ್ರಿ.”

ಆ ನಾಲ್ಕು ಹೋಳಿಗೆ ನೆನಪಾದವು. ಬೆಳಗಿನಿಂದ ಹಸಿದವನ ಊಟಕ್ಕೆ ನಾನು ಇಷ್ಟು ವರ್ಷ ನಕ್ಕಿದ್ದೆ. ನಾಚಿಕೆಯಿಂದ ಆ ಹುಡುಗಿಯ ಮುಖ ನೋಡಲಾಗಲಿಲ್ಲ.

ಮುಂದಿನ ತಿಂಗಳು ಮಾವ ವರದಿ ತಲುಪಿಸಲು ರಾಯಚೂರಿಗೆ ಬಂದವನು ಎಂದಿನಂತೆ ನಮ್ಮ ಮನೆಗೂ ಬಂದ. ಕಿವಿಯ ಪಕ್ಕದ ಕೂದಲು ಬೆಳ್ಳಗಾಗತೊಡಗಿತ್ತು.

“ಚಪ್ಪರ ಹಾಕೀನಿ ಅಂತ ಅವತ್ತು ಯಾಕ ಹೇಳಲಿಲ್ಲ ಮಾವಾ?”

“ನೀ ವರದಿದು ಕೇಳಿದಿ, ಹೇಳಿದೆ. ಚಪ್ಪರದ್ದು ಯಾರೂ ಕೇಳಲಿಲ್ಲವ್ವಾ.”

ಅಷ್ಟು ಹೇಳಿ, ಅಭ್ಯಾಸದಂತೆ ಕತ್ತೆತ್ತಿ ನಮ್ಮ ಬಲ್ಬು ನೋಡಿದ. ಯಾವಾಗಲೂ ಬೈಯುತ್ತಿದ್ದವಳು ಈ ಸಲ ನಾನೇ ಎದ್ದು ಹೋಗಿ ಸ್ವಿಚ್ ಹಾಕಿದೆ. ಕರೆಂಟು ಇರಲಿಲ್ಲ. ಅವನು ಚೀಲ ತೆಗೆದುಕೊಂಡು ಏಳಲು ಹೋದ.

“ಕೂಡು ಮಾವಾ” ಎಂದೆ. “ಬರೂತನ ಕೂಡು.”

ಅವನು ಕೂತ. ಒಳಗೆ ಹೋಗಿ ರೊಟ್ಟಿ ಬಡಿಸಿಕೊಂಡು ಬಂದು ಅವನ ಮುಂದಿಟ್ಟು, ನಾನೂ ಪಕ್ಕದಲ್ಲಿ ಕೂತೆ.